ರೋಗಿಯ ಬದುಕು ಹೇಗಿದೆ ಎಂಬುದನ್ನು ವೈದ್ಯರು ಏಕೆ ಅಳೆಯುವುದಿಲ್ಲ?

ಪ್ರಶ್ನೆ: ರಕ್ತದೊತ್ತಡ, ಸಕ್ಕರೆಯ ಅಂಶ, ಸ್ಕ್ಯಾನಿಂಗ್ ವರದಿ, ಇವೆಲ್ಲವನ್ನೂ ಪ್ರತಿ ಭೇಟಿಯಲ್ಲಿ ನೋಡುವ ವೈದ್ಯರು, ಚಿಕಿತ್ಸೆಯಿಂದ ರೋಗಿಯ ದಿನನಿತ್ಯದ ಬದುಕು ಸುಧಾರಿಸಿದೆಯೇ ಎಂಬುದನ್ನು ಮಾತ್ರ ಅಳೆದು ದಾಖಲಿಸುವುದು ಅಪರೂಪ. ಅದಕ್ಕೆಂದೇ ಪ್ರಶ್ನಾವಳಿಗಳಿವೆ ಎಂದು ಓದಿದ್ದೇನೆ. ವೈದ್ಯರಿಗೆ ಅವುಗಳಲ್ಲಿ ನಂಬಿಕೆಯಿಲ್ಲವೇ?

ಉತ್ತರ: ನಂಬಿಕೆಯೇ ಇಲ್ಲ ಎಂದರೆ ತಪ್ಪಾಗುತ್ತದೆ. ವೈದ್ಯರ ಅಭಿಪ್ರಾಯ ಕೇಳಿದ ಸಮೀಕ್ಷೆಗಳಲ್ಲಿ, ಅದರಲ್ಲೂ ಕ್ಯಾನ್ಸರ್ ತಜ್ಞರ ನಡುವೆ ನಡೆದವುಗಳಲ್ಲಿ, ಹೆಚ್ಚಿನವರು ಜೀವನ ಗುಣಮಟ್ಟ ಮುಖ್ಯವೆಂದೇ ಹೇಳಿದ್ದಾರೆ. ಆದರೆ ಅದನ್ನು ಕ್ರಮಬದ್ಧವಾಗಿ ಅಳೆಯುವವರ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ. ಸಾಧನಗಳ ಕೊರತೆಯಿಂದ ಹೀಗಾಗಿಲ್ಲ. ಯಾವ ಕಾಯಿಲೆಯವರಿಗೂ ಬಳಸಬಹುದಾದ 36 ಪ್ರಶ್ನೆಗಳ ಎಸ್‌ಎಫ್-36, ಕ್ಯಾನ್ಸರ್ ರೋಗಿಗಳಿಗಾಗಿ ಯೂರೋಪಿನಲ್ಲಿ ರೂಪುಗೊಂಡು 1993ರಲ್ಲಿ ಪ್ರಕಟವಾದ 30 ಪ್ರಶ್ನೆಗಳ ಕ್ಯೂಎಲ್‌ಕ್ಯೂ-ಸಿ30, ಚರ್ಮರೋಗಗಳಿಗೆ ಹತ್ತೇ ಪ್ರಶ್ನೆಗಳ ಡಿಎಲ್‌ಕ್ಯೂಐ ಮೊದಲಾದವು ದಶಕಗಳಿಂದ ಬಳಕೆಯಲ್ಲಿವೆ.

ಮೊದಲ ಕಾರಣ ವೈದ್ಯರ ಆತ್ಮವಿಶ್ವಾಸ. ರೋಗಿ ಒಳಗೆ ಬರುವ ನಡಿಗೆ, ಕುಳಿತುಕೊಳ್ಳುವ ರೀತಿ, ಮಾತಿನ ದನಿ, ಇವುಗಳಿಂದಲೇ ಆತನ ಸ್ಥಿತಿ ತಿಳಿಯುತ್ತದೆ, ಅದಕ್ಕೆ ಪ್ರಶ್ನಾವಳಿ ಏಕೆ ಎಂಬುದು ಅನುಭವಿ ವೈದ್ಯರ ಸಹಜ ನಿಲುವು. ಈ ನಿಲುವಿಗೆ ಇತಿಹಾಸವೂ ಇದೆ. 1940ರ ದಶಕದ ಕೊನೆಯಲ್ಲಿ ಬಂದ ಕಾರ್ನೋಫ್‌ಸ್ಕಿ ಮಾಪಕದಲ್ಲಿ ಯಾವ ತೊಂದರೆಯೂ ಇಲ್ಲದವರಿಗೆ 100, ಮರಣಕ್ಕೆ 0. ಅಂಕ ಹಾಕುವವರು ವೈದ್ಯರು, ರೋಗಿಯಲ್ಲ. ಅದು ಅಳೆಯುತ್ತಿದ್ದದ್ದು ರೋಗಿ ತನ್ನ ಕೆಲಸ ತಾನು ಮಾಡಿಕೊಳ್ಳಬಲ್ಲನೇ ಎಂಬುದನ್ನು, ಆತನಿಗೆ ತನ್ನ ಬದುಕು ಹೇಗೆ ಕಾಣುತ್ತಿದೆ ಎಂಬುದನ್ನಲ್ಲ. 1988ರಲ್ಲಿ ಬ್ರಿಟನ್ನಿನ ಸಂಶೋಧಕರು ಒಂದೇ ಅಳತೆಗೋಲನ್ನು ಕ್ಯಾನ್ಸರ್ ರೋಗಿಗಳಿಗೂ ಅವರ ವೈದ್ಯರಿಗೂ ಕೊಟ್ಟು ಹೋಲಿಸಿದಾಗ ಇಬ್ಬರ ಉತ್ತರಗಳಿಗೆ ಹೊಂದಾಣಿಕೆ ಕಡಿಮೆಯಿತ್ತು. ತಪ್ಪು ಒಂದೇ ದಿಕ್ಕಿನಲ್ಲಿ ಆಗುವುದೂ ಇಲ್ಲ. ಆಯಾಸ, ನಿದ್ರಾಹೀನತೆ, ಆತಂಕಗಳಂಥ ಹೊರಗೆ ಕಾಣದ ಬಾಧೆಗಳನ್ನು ವೈದ್ಯರು ಕಡಿಮೆ ಎಣಿಸುವುದುಂಟು. ಇನ್ನೊಂದೆಡೆ, ಗಂಭೀರ ಅಂಗವೈಕಲ್ಯವಿರುವವರ ಬದುಕು ನೋಡುವವರಿಗೆ ದುರ್ಭರವಾಗಿ ಕಂಡರೂ ಅವರಲ್ಲಿ ಅನೇಕರು ತಮ್ಮ ಬದುಕು ಚೆನ್ನಾಗಿದೆ ಎಂದೇ ಹೇಳುತ್ತಾರೆ. ಹೀಗಾಗಿ ನೋಡಿದರೆ ಸಾಕು ಎಂಬ ವಾದವನ್ನು ನಾನು ಒಪ್ಪಲಾರೆ.

ಎರಡನೆಯದು ಸಮಯವಿಲ್ಲ ಎಂಬ ಮಾತು. ಇದು ಊಹಿಸಿದಷ್ಟು ಬಲವಾದ ಆಕ್ಷೇಪವಲ್ಲ. ನೆದರ್ಲೆಂಡ್ಸ್‌ನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋಗಿಗಳು ಮೊದಲೇ ತುಂಬಿದ ಉತ್ತರಗಳ ಸಾರಾಂಶವನ್ನು ವೈದ್ಯರಿಗೂ ರೋಗಿಗಳಿಗೂ ಕೊಟ್ಟಾಗ ಜೀವನ ಗುಣಮಟ್ಟದ ವಿಷಯಗಳು ಹೆಚ್ಚಾಗಿ ಚರ್ಚೆಗೆ ಬಂದವು, ಭೇಟಿಯ ಅವಧಿ ಮಾತ್ರ ಗಮನಾರ್ಹವಾಗಿ ಹೆಚ್ಚಲಿಲ್ಲ.

ಮೂರನೆಯ ಆಕ್ಷೇಪಕ್ಕೆ ತೂಕವಿದೆ. ಈ ಪ್ರಶ್ನಾವಳಿಗಳಲ್ಲಿ ಹೆಚ್ಚಿನವು ಎರಡು ಚಿಕಿತ್ಸೆಗಳನ್ನು ನೂರಾರು ರೋಗಿಗಳ ಸರಾಸರಿಯ ಮೇಲೆ ಹೋಲಿಸಲು ಹುಟ್ಟಿದವು. ಎದುರಿಗೆ ಕುಳಿತ ಒಬ್ಬರ ಜೀವನ ಗುಣಮಟ್ಟದ ಅಂಕ 58ರಿಂದ 50ಕ್ಕೆ ಇಳಿದರೆ ಅದು ರೋಗದ ಏರುಪೇರೋ, ಔಷಧದ ಪರಿಣಾಮವೋ, ಹಿಂದಿನ ರಾತ್ರಿ ನಿದ್ದೆ ಬಾರದ್ದರ ಫಲವೋ ಎಂದು ಅಂಕವೇ ಹೇಳುವುದಿಲ್ಲ. ಕ್ಯೂಎಲ್‌ಕ್ಯೂ-ಸಿ30ರ 0ಯಿಂದ 100ರ ಮಾಪನದಲ್ಲಿ ಐದರಿಂದ ಹತ್ತು ಅಂಕಗಳ ವ್ಯತ್ಯಾಸವನ್ನು ಅಲ್ಪವೆಂದೂ, ಹತ್ತರಿಂದ ಇಪ್ಪತ್ತನ್ನು ಮಧ್ಯಮವೆಂದೂ ಅರ್ಥೈಸುವ ವಾಡಿಕೆಯಿದೆ, ಆದರೆ ಅದು ಅಂದಾಜಿನ ಸೂತ್ರ. ಅದರ ಮೇಲೆ, ಕಾಯಿಲೆಯೊಂದಿಗೆ ಬಾಳುತ್ತಾ ಹೋದಂತೆ ಮನುಷ್ಯನ ಒಳಗಿನ ಅಳತೆಗೋಲೇ ಬದಲಾಗುತ್ತದೆ: ಹಿಂದೆ ಅಸಹನೀಯವೆನಿಸಿದ ನೋವು ಇಂದು ‘ಪರವಾಗಿಲ್ಲ’ ಆಗುತ್ತದೆ, ನೋವು ಇದ್ದಷ್ಟೇ ಇದ್ದರೂ ಅಂಕ ಏರುತ್ತದೆ. ರಕ್ತಪರೀಕ್ಷೆಯ ಅಂಕಿಗೆ ಒಗ್ಗಿದ ವೈದ್ಯರು ಇದನ್ನು ಅನುಮಾನದಿಂದ ನೋಡಿದರೆ ಅದನ್ನು ಉಡಾಫೆ ಎನ್ನಲಾಗದು.

ನನ್ನ ದೃಷ್ಟಿಯಲ್ಲಿ ನಿಜವಾದ ತೊಡಕು ಮುಂದಿನದು: ಅಂಕ ಬಂದ ಮೇಲೆ ಮಾಡುವುದೇನು? ಸಕ್ಕರೆ ಏರಿದರೆ ಔಷಧದ ಪ್ರಮಾಣ ಬದಲಿಸಬಹುದು. ‘ಸಾಮಾಜಿಕ ಬದುಕು’ ಎಂಬ ಸಾಲಿನಲ್ಲಿ ಅಂಕ ಕುಸಿದರೆ ಬರೆಯುವ ಔಷಧಿ ಯಾವುದು? ಪರಿಹಾರ ಕೈಯಲ್ಲಿಲ್ಲದ ಪ್ರಶ್ನೆಯನ್ನು ಕೇಳಲು ವೈದ್ಯರು ಹಿಂಜರಿಯುತ್ತಾರೆ. ಅವರ ನಿರಾಸಕ್ತಿಯಂತೆ ಹೊರಗೆ ತೋರುವುದರಲ್ಲಿ ಈ ಹಿಂಜರಿಕೆಯ ಪಾಲು ದೊಡ್ಡದೆಂದು ನನಗನ್ನಿಸುತ್ತದೆ. ಉತ್ತರಕ್ಕೆ ಕ್ರಮವೊಂದು ಜೋಡಣೆಯಾದಾಗ ಚಿತ್ರ ಬದಲಾಗುತ್ತದೆ. ನ್ಯೂಯಾರ್ಕಿನ ಕ್ಯಾನ್ಸರ್ ಕೇಂದ್ರವೊಂದರಲ್ಲಿ, ರೋಗ ಹರಡಿ ಕೀಮೋಥೆರಪಿ ಪಡೆಯುತ್ತಿದ್ದ 766 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಒಂದು ಗುಂಪಿನವರು 12 ಸಾಮಾನ್ಯ ಲಕ್ಷಣಗಳನ್ನು ಕಂಪ್ಯೂಟರ್ ಮೂಲಕ ತಾವೇ ವರದಿ ಮಾಡುತ್ತಿದ್ದರು. ತೀವ್ರವಾದದ್ದು ಅಥವಾ ಉಲ್ಬಣಿಸಿದ್ದು ಏನಾದರೂ ಇದ್ದರೆ ದಾದಿಗೆ ಇಮೇಲ್ ಎಚ್ಚರಿಕೆ ಹೋಗುತ್ತಿತ್ತು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಗುಂಪಿನ ಜೀವನ ಗುಣಮಟ್ಟ ಉತ್ತಮವಾಗಿತ್ತು. 2017ರಲ್ಲಿ ಬದುಕುಳಿದ ಅವಧಿಯನ್ನು ಲೆಕ್ಕ ಹಾಕಿದಾಗ ಅದರ ಮಧ್ಯಾಂಕ (ಅರ್ಧದಷ್ಟು ಮಂದಿ ಅದಕ್ಕಿಂತ ಹೆಚ್ಚು ಕಾಲ ಬದುಕಿದ ಅವಧಿ) 31.2 ತಿಂಗಳು, ಎಂದಿನ ಆರೈಕೆಯ ಗುಂಪಿನಲ್ಲಿ 26 ತಿಂಗಳು. ಒಂದೇ ಕೇಂದ್ರದ ಪ್ರಯೋಗವಾದ್ದರಿಂದ ಎಲ್ಲ ಕಾಯಿಲೆಗಳಿಗೂ ಇದನ್ನು ಅನ್ವಯಿಸಲಾಗದು. ಗಮನಿಸಬೇಕಾದದ್ದು ಅಲ್ಲಿ ಕೇಳಿದ್ದು ವಾಂತಿ, ನೋವು, ಉಸಿರಾಟದ ತೊಂದರೆಯಂಥ, ಏನಾದರೂ ಮಾಡಲು ಸಾಧ್ಯವಿರುವ ಸಂಗತಿಗಳನ್ನು.

ಅಂಕಗಳು ನಾಳೆ ತಮ್ಮದೇ ಕೆಲಸದ ತಪಾಸಣೆಗೆ ಬಳಕೆಯಾದಾವು ಎಂಬ ಅಳುಕೂ ವೈದ್ಯರಿಗೆ ಇದ್ದೀತು. ಇಂಗ್ಲೆಂಡಿನಲ್ಲಿ 2009ರಿಂದ ಸೊಂಟ ಮತ್ತು ಮೊಣಕಾಲಿನ ಕೀಲು ಬದಲಿಯಂಥ ಶಸ್ತ್ರಚಿಕಿತ್ಸೆಗಳ ಮುನ್ನ ಮತ್ತು ನಂತರ ರೋಗಿಗಳೇ ಕೊಟ್ಟ ಉತ್ತರಗಳನ್ನು ಸಂಗ್ರಹಿಸಿ ಆಸ್ಪತ್ರೆಗಳನ್ನು ಹೋಲಿಸುತ್ತಿರುವುದರಿಂದ ಆ ಅಳುಕು ಆಧಾರರಹಿತವಲ್ಲ.

ನಿಮ್ಮ ವೈದ್ಯರು ಪ್ರಶ್ನಾವಳಿ ಕೊಡದಿದ್ದರೆ, ‘ಸುಸ್ತು’ ಎನ್ನುವ ಬದಲು ‘ಮೊದಲು ಎರಡು ಮಹಡಿ ಹತ್ತುತ್ತಿದ್ದೆ, ಈಗ ಒಂದಕ್ಕೇ ನಿಲ್ಲುತ್ತೇನೆ’ ಎಂಬಂತೆ ಅಳತೆಯಿರುವ ಮಾತಿನಲ್ಲಿ ಹೇಳಿ. ಎರಡು ಭೇಟಿಗಳ ನಡುವಿನ ಬದಲಾವಣೆಯನ್ನು ಬರೆದಿಟ್ಟುಕೊಂಡು ಹೋಗಿ. ಪ್ರಶ್ನಾವಳಿ ಕೊಟ್ಟರೆ, ತುಂಬುವ ಮೊದಲು ಇದನ್ನು ಯಾರು ಓದುತ್ತಾರೆ, ಇಂದಿನ ಭೇಟಿಯಲ್ಲೇ ಓದುತ್ತಾರೆಯೇ ಎಂದು ವಿಚಾರಿಸಿ.