ಗೋದಾಮಿನ ಸಮಯ ನಡಿಗೆಯಲ್ಲಿ, ಹುಡುಕಾಟದಲ್ಲಿ ಕಳೆಯುತ್ತದೆ

ಹುಬ್ಬಳ್ಳಿಯಿಂದ ಗದಗ, ಹಾವೇರಿ ಕಡೆಯ ಕಿರಾಣಿ ಅಂಗಡಿಗಳಿಗೆ ಸರಕು ಕಳಿಸುವ ಸಗಟು ವ್ಯಾಪಾರಸ್ಥರು ಗೋದಾಮಿನ ಕೆಲಸ ಸಾಗುತ್ತಿಲ್ಲವೆಂದು ಸಲಹೆ ಕೇಳಲು ಬಂದಾಗ, ಇನ್ನಿಬ್ಬರು ಹಮಾಲರನ್ನು ಇಟ್ಟುಕೊಳ್ಳಬೇಕೋ ಅಥವಾ ಯಂತ್ರ ಕೊಳ್ಳಬೇಕೋ ಎಂಬ ಪ್ರಶ್ನೆಯೊಂದಿಗೇ ಬಂದಿರುತ್ತಾರೆ. ಎರಡಕ್ಕೂ ಮೊದಲು, ಸರಕು ಆರಿಸುವ ಒಬ್ಬ ಕೆಲಸಗಾರನ ಜೊತೆ ಅರ್ಧ ದಿನ ಇದ್ದು, ಅವನ ಹೊತ್ತು ಯಾವುದಕ್ಕೆ ಹೋಗುತ್ತದೆಂದು ಬರೆದುಕೊಳ್ಳಿ ಎಂದು ನಾನು ಹೇಳುತ್ತೇನೆ. ಬಿಲ್ಲಿನ ಪ್ರಕಾರ ಸರಕು ಆರಿಸುವ ಕೆಲಸದಲ್ಲಿ ಸುಮಾರು ಅರ್ಧದಷ್ಟು ಸಮಯ ಬರೀ ಓಡಾಟಕ್ಕೆ ಹೋಗುತ್ತದೆಂಬುದು ಉಗ್ರಾಣ ನಿರ್ವಹಣೆಯಲ್ಲಿ ಬಹುಕಾಲದಿಂದ ಒಪ್ಪಿತವಾದ ಅಂದಾಜು. ಎತ್ತುವ ಕೈಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಈ ಓಡಾಟ ಕಡಿಮೆಯಾಗುವುದಿಲ್ಲ. ಇಕ್ಕಟ್ಟಾದ ದಾರಿಯಲ್ಲಿ ಒಬ್ಬರಿಗೊಬ್ಬರು ಅಡ್ಡ ಬರುವುದು ಮಾತ್ರ ಹೆಚ್ಚುತ್ತದೆ.

ಒಂದು ಬಿಲ್ಲನ್ನು ಕೈಯಲ್ಲಿ ಹಿಡಿದು ನೋಡಿದರೆ ಕಾರಣ ತಿಳಿಯುತ್ತದೆ. ಸೇಲ್ಸ್‌ಮನ್ ಆರ್ಡರ್ ಬರೆದುಕೊಂಡ ಕ್ರಮದಲ್ಲೇ ಅದು ಮುದ್ರಣವಾಗಿರುತ್ತದೆ: ಮೊದಲು ಸಾಬೂನು, ನಂತರ ಹಿಂಬದಿಯ ಗೋಡೆಗೆ ಒಟ್ಟಿರುವ ಸಕ್ಕರೆ ಚೀಲ, ಮತ್ತೆ ಸಾಬೂನಿನ ಪಕ್ಕದಲ್ಲೇ ಇರುವ ಶಾಂಪೂ. ಕೆಲಸಗಾರ ಚೀಟಿಯನ್ನು ಹಾಗೆಯೇ ಅನುಸರಿಸಿ ಅದೇ ದಾರಿಯನ್ನು ಎರಡು ಸಲ ತುಳಿಯುತ್ತಾನೆ. ಪ್ರತಿ ಐಟಂಗೆ 20 ಮೀಟರ್ ಹೆಚ್ಚುವರಿ ನಡಿಗೆ ಎಂದಿಟ್ಟುಕೊಂಡರೂ, ದಿನಕ್ಕೆ 300 ಐಟಂ ಆರಿಸುವಲ್ಲಿ ಅದು 6 ಕಿಲೋಮೀಟರ್ ಆಗುತ್ತದೆ. ಟ್ರಾಲಿ ತಳ್ಳಿಕೊಂಡು ಹೋಗುವವನಿಗೆ ಇದು ಸುಮಾರು ಎರಡು ಗಂಟೆಯ ದಾರಿ. ಪ್ರತಿ ರ್‍ಯಾಕಿಗೂ ಪ್ರತಿ ಖಾನೆಗೂ ಒಂದು ಸಂಖ್ಯೆ ಕೊಟ್ಟು, ಅದನ್ನು ಬಿಲ್ಲಿಂಗ್ ತಂತ್ರಾಂಶದಲ್ಲಿ ಆಯಾ ಐಟಂನ ಮುಂದೆ ನಮೂದಿಸಿ, ಆರಿಸುವ ಚೀಟಿ ಆ ಸಂಖ್ಯೆಯ ಕ್ರಮದಲ್ಲೇ ಬರುವಂತೆ ಮಾಡಿದರೆ ಈ ಹೊತ್ತಿನ ದೊಡ್ಡ ಪಾಲು ಉಳಿಯುತ್ತದೆ. ಇದಕ್ಕೆ ತಗಲುವ ಖರ್ಚು ಬಣ್ಣ, ಲೇಬಲ್ ಮತ್ತು ಕೆಲವು ದಿನಗಳ ದುಡಿಮೆ.

ಈ ಸಂಖ್ಯೆಯಿಂದ ಇನ್ನೊಂದು ಪ್ರಯೋಜನವಿದೆ. ನಮ್ಮ ಬಹಳಷ್ಟು ಗೋದಾಮುಗಳಲ್ಲಿ ಯಾವ ಸರಕು ಎಲ್ಲಿದೆ ಎಂಬುದು ಒಬ್ಬಿಬ್ಬರು ಹಳಬರ ನೆನಪಿನಲ್ಲಷ್ಟೇ ಇರುತ್ತದೆ, ಅವರು ಊರ ಜಾತ್ರೆಗೋ ಸೀಗೀ ಹುಣ್ಣಿಮೆಗೋ ಹೋದರೆ ಅಂದಿನ ಗಾಡಿಗಳು ತಡವಾಗುತ್ತವೆ. ಆದ್ದರಿಂದ ನಕ್ಷೆ ತಯಾರಿಸುವಾಗ ಆ ಹಳಬರನ್ನೇ ಮೊದಲು ಕೂರಿಸಿಕೊಂಡು ಕೇಳಬೇಕು. ಅವರಿಗೆ ಗೊತ್ತಿರುವಷ್ಟು ಯಾವ ಸಲಹೆಗಾರನಿಗೂ ಗೊತ್ತಿರುವುದಿಲ್ಲ.

ಮುಂದಿನದು ಜಾಗದ ಹಂಚಿಕೆ. ನೂರಾರು ಐಟಂಗಳಿದ್ದರೂ ದಿನದ ಬಿಲ್ಲುಗಳಲ್ಲಿ ಮತ್ತೆ ಮತ್ತೆ ಬರುವುದು ಕೆಲವೇ. ಅವು ಬಾಗಿಲಿಗೆ ಹತ್ತಿರ, ಸೊಂಟದಿಂದ ಭುಜದವರೆಗಿನ ಎತ್ತರದಲ್ಲಿ ಇರಬೇಕು. ಐವತ್ತು ಕಿಲೋ ಚೀಲಗಳನ್ನು ಪ್ಯಾಲೆಟ್ (ಸರಕಿನಡಿ ಇಡುವ ಹಲಗೆಯ ಚೌಕಟ್ಟು) ಮೇಲೆ ನೆಲಮಟ್ಟದಲ್ಲೇ ಇಡಬೇಕು, ಮಳೆಗಾಲದಲ್ಲಿ ತೇವದಿಂದ ಕಾಪಾಡುವುದೂ ಆ ಪ್ಯಾಲೆಟ್ಟೇ. ಚಹಾಪುಡಿ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುವುದರಿಂದ, ಎಷ್ಟೇ ಬೇಗ ಖರ್ಚಾದರೂ ಅದನ್ನು ಸಾಬೂನು, ಊದಿನಕಡ್ಡಿಗಳ ಬಳಿ ಇಡಬಾರದು. ದೀಪಾವಳಿಗೆ ಮುಂಚೆ ಎಣ್ಣೆ, ಸಕ್ಕರೆಯ ಓಟ ಹೆಚ್ಚುತ್ತದಾದ್ದರಿಂದ ಈ ಹಂಚಿಕೆಯನ್ನು ಮೂರು ತಿಂಗಳಿಗೊಮ್ಮೆಯಾದರೂ ಬದಲಿಸಿಕೊಳ್ಳಬೇಕಾಗುತ್ತದೆ.

ಗೋದಾಮು ತುಂಬಿ ತುಳುಕುವುದನ್ನು ಬರಕತ್ತಿನ ಲಕ್ಷಣವೆಂದು ನೋಡುವವರಿಗೆ ನಾನು ಬ್ಯಾಡಗಿಯ ಶೀತಲ ಗೃಹಗಳ ಉದಾಹರಣೆ ಕೊಡುತ್ತೇನೆ. ಅಲ್ಲಿ ಮೆಣಸಿನಕಾಯಿ ಚೀಲಗಳು ಸುಗ್ಗಿಯ ಕೆಲವೇ ತಿಂಗಳುಗಳಲ್ಲಿ ಒಳಬಂದು, ಸರಕಿನ ಮಾಲೀಕ ಬೆಲೆ ನೋಡಿ ಕೇಳಿದಾಗ ಹೊರಹೋಗುತ್ತವೆ. ಮೊದಲು ಬಂದದ್ದು ಮೊದಲು ಹೋಗಬೇಕೆಂಬ ನಿಯಮ ಅಲ್ಲಿ ನಡೆಯುವುದಿಲ್ಲ. ನಡುವೆ ದಾರಿ ಬಿಡದೆ ಒಟ್ಟಿದರೆ ಒಂದು ಲಾಟ್, ಅಂದರೆ ಒಬ್ಬ ಮಾಲೀಕನ ಚೀಲಗಳ ಗುಂಪು, ತೆಗೆಯಲು ಇನ್ನೆರಡು ಲಾಟ್ ಇಳಿಸಬೇಕಾಗುತ್ತದೆ, ಅಷ್ಟು ಹೊತ್ತೂ ತೆರೆದ ಬಾಗಿಲಿನಿಂದ ಬಿಸಿಗಾಳಿ ಒಳನುಗ್ಗಿ ವಿದ್ಯುತ್ ಬಿಲ್ ಏರುತ್ತದೆ. ಕಿರಾಣಿ ಗೋದಾಮಿನಲ್ಲೂ ನಡೆಯುವ ದಾರಿಯಲ್ಲಿ ಪೆಟ್ಟಿಗೆ ಇಟ್ಟ ದಿನದಿಂದಲೇ ಕೆಲಸ ನಿಧಾನವಾಗತೊಡಗುತ್ತದೆ.

ಗಾಡಿ ತುಂಬುವ ಕ್ರಮದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಾವೇರಿ ಲೈನಿನಲ್ಲಿ ಕೊನೆಗೆ ಇಳಿಸುವ ಹಾವೇರಿಯ ಸರಕು ಮೊದಲು ಒಳಗೆ, ನಂತರ ಬಂಕಾಪುರದ್ದು, ಬಾಗಿಲ ಬಳಿ ಎಲ್ಲಕ್ಕಿಂತ ಮೊದಲು ಇಳಿಸುವ ಶಿಗ್ಗಾವಿಯದು. ಆರಿಸುವ ಕೆಲಸವೂ ಇದೇ ಕ್ರಮದಲ್ಲಿ ಮುಗಿಯುತ್ತ ಬಂದರೆ, ಆರಿಸಿದ ಸರಕು ಅಂಗಳದಲ್ಲಿ ರಾಶಿ ಬೀಳುವುದು ತಪ್ಪುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಸುಧಾರಣೆಯಾಯಿತೇ ಎಂದು ಅಳೆಯುವಾಗ, ಒಬ್ಬ ಕೆಲಸಗಾರ ಗಂಟೆಗೆ ಎಷ್ಟು ಐಟಂ ಆರಿಸಿದ ಎಂಬ ಅಂಕಿಯ ಪಕ್ಕದಲ್ಲೇ ತಪ್ಪಾಗಿ ಹೋದ, ಒಡೆದು ವಾಪಸಾದ ಸರಕಿನ ಅಂಕಿಯನ್ನೂ ಬರೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ. ಬರೀ ವೇಗಕ್ಕೆ ಬಹುಮಾನವಿಟ್ಟರೆ ಕೈ ಅವಸರ ಮಾಡುತ್ತದೆ. ಹಾವೇರಿಯ ಅಂಗಡಿಗೆ ಹೋದ ಒಂದು ತಪ್ಪು ಪೆಟ್ಟಿಗೆಯನ್ನು ಹಿಂದಕ್ಕೆ ತಂದು, ಬಿಲ್ ತಿದ್ದಿ, ಸರಿಯಾದದ್ದನ್ನು ಮುಂದಿನ ಗಾಡಿಗೆ ಹಾಕುವ ಹೊತ್ತಿನಲ್ಲಿ ಅದೇ ಕೆಲಸಗಾರ ಹತ್ತಾರು ಐಟಂ ಆರಿಸಬಹುದಿತ್ತು. ಈ ಎರಡು ಅಂಕಿಗಳನ್ನು ಮಾಲೀಕರ ಕೋಣೆಯಲ್ಲಿಡದೆ ಗೋದಾಮಿನ ಬಾಗಿಲ ಬಳಿಯ ಫಲಕದಲ್ಲಿ ದಿನವೂ ಬರೆಯುವುದು ಒಳ್ಳೆಯದು. ಯಾವ ಖಾನೆಯಲ್ಲಿ ತಪ್ಪು ಹೆಚ್ಚಾಗುತ್ತಿದೆ, ಏಕೆ ಎಂದು ಮೊದಲು ಹೇಳಬಲ್ಲವರು ಅಲ್ಲಿ ಕೆಲಸ ಮಾಡುವವರೇ.