ಅವ್ವ ಊರಿಗೆ ಹೋಗಿಲ್ಲ

ಬಾಗಲಕೋಟೆಯ ನವನಗರದಲ್ಲಿ ಬೌದ್ಧಿಕ ಅಸಾಮರ್ಥ್ಯವಿರುವ ವಯಸ್ಕರಿಗಾಗಿ ನಾನು ವಾರಕ್ಕೊಮ್ಮೆ ನಡೆಸುವ ಆಪ್ತಸಮಾಲೋಚನೆಯ ಗುಂಪಿಗೆ, ಹುನಗುಂದದ ಕಡೆಯ ಹಳ್ಳಿಯಿಂದ 38 ವರ್ಷದ ಒಬ್ಬರನ್ನು ಅವರ ಅಣ್ಣ ಕರೆತಂದರು (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ). ತಿಂಗಳುಗಳಿಂದ ಅವರು ಹೊಟ್ಟೆತುಂಬ ರೊಟ್ಟಿ ತಿನ್ನುತ್ತಿರಲಿಲ್ಲ. ರಾತ್ರಿ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಒಳಗೆ ಕರೆದರೆ ಕೈ ಎತ್ತುತ್ತಿದ್ದರು. "ಹಠ ಭಾಳ ಆಗೇತ್ರಿ, ಏನರ ಗುಳಗಿ ಕೊಡ್ರಿ" ಎಂದರು ಅಣ್ಣ. ಕೇಳುತ್ತ ಹೋದಾಗ ಆರು ತಿಂಗಳ ಹಿಂದೆ ತಾಯಿ ತೀರಿಕೊಂಡದ್ದು ತಿಳಿಯಿತು. ಮಣ್ಣಾದ ದಿನ ಇವರನ್ನು ಪಕ್ಕದ ಊರಿನ ಅಕ್ಕನ ಮನೆಯಲ್ಲಿ ಬಿಟ್ಟು, ಅವ್ವ ಊರಿಗೆ ಹೋಗ್ಯಾಳ, ಬರ್ತಾಳ ಎಂದಿದ್ದರು. ಕಟ್ಟೆಯ ಮೇಲೆ ಕುಳಿತು ಅವರು ದಾರಿ ಕಾಯುತ್ತಿದ್ದರು.

ಕುಟುಂಬದವರಷ್ಟೇ ಅಲ್ಲ, ನಮ್ಮ ವೃತ್ತಿಯವರೂ ಈ ತಪ್ಪು ಮಾಡುತ್ತೇವೆ. ಅಳು, ಸಿಟ್ಟು, ನಿದ್ದೆಗೇಡು, ಏನೇ ಕಂಡರೂ ಬುದ್ಧಿ ಬೆಳೆಯದ್ದರಿಂದ ಹೀಗೆ ಎಂದು ಮುಗಿಸಿಬಿಡುವುದರಿಂದ ಅದರ ಕೆಳಗಿರುವ ಖಿನ್ನತೆಯೋ ದುಃಖವೋ ಕಣ್ಣಿಗೆ ಬೀಳುವುದೇ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬೌದ್ಧಿಕ ಅಸಾಮರ್ಥ್ಯವನ್ನು ಮಾನಸಿಕ ಕಾಯಿಲೆಯೆಂದು ಎಣಿಸುವುದಿಲ್ಲ; ಆದರೆ ಆ ಅಸಾಮರ್ಥ್ಯವಿರುವವರಿಗೂ ಕಾಯಿಲೆ ಬರಬಹುದು, ಬಂದಾಗ ಭೇದಭಾವವಿಲ್ಲದೆ ಚಿಕಿತ್ಸೆ ಪಡೆಯುವ ಹಕ್ಕನ್ನು ಅದೇ ಕಾಯ್ದೆ ಅವರಿಗೂ ಕೊಟ್ಟಿದೆ.

ಗುಂಪಿಗೆ ಸೇರಿಸುವ ಮೊದಲು ದೇಹವನ್ನು ಪರೀಕ್ಷಿಸಲೇಬೇಕು. ಹಲ್ಲುನೋವು, ಕಿವಿಸೋರು, ಮಲಬದ್ಧತೆಗಳನ್ನು ಮಾತಿನಲ್ಲಿ ಹೇಳಲಾಗದವರು ಸಿಟ್ಟಿನಲ್ಲಿ ಹೇಳುತ್ತಾರೆ. ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ, ಬೌದ್ಧಿಕ ಅಸಾಮರ್ಥ್ಯಕ್ಕೆ ಕಾರಣವಾಗುವ ಒಂದು ಸ್ಥಿತಿ) ಇರುವವರಲ್ಲಿ ಥೈರಾಯ್ಡ್ ಕೊರತೆ ಹೆಚ್ಚು, ಅದು ಥೇಟ್ ಖಿನ್ನತೆಯಂತೆಯೇ ಕಾಣುತ್ತದೆ. 40 ದಾಟಿದ ಮೇಲೆ ಮರೆವಿನ ಕಾಯಿಲೆಯೂ ಅವರಿಗೆ ಇತರರಿಗಿಂತ ಬೇಗ ಬರಬಹುದು.

ನಮ್ಮ ಗುಂಪಿನಲ್ಲಿ ಆರೇಳು ಜನ, ನಡೆಸುವವರು ಇಬ್ಬರು. ವಾರ, ಕೋಣೆ, ಕುರ್ಚಿ ಯಾವುದನ್ನೂ ಬದಲಿಸುವುದಿಲ್ಲ, ಏಕೆಂದರೆ ಮುಂದೇನು ಎಂಬುದು ಗೊತ್ತಿದ್ದರೆ ಮಾತ್ರ ಅವರ ಮನಸ್ಸು ನೆಮ್ಮದಿಯಾಗಿ ತೆರೆದುಕೊಳ್ಳುತ್ತದೆ. ಮನೆಯಲ್ಲಿ ಎಲ್ಲರೂ "ಹುಡುಗ" ಎನ್ನುವವರನ್ನು ಇಲ್ಲಿ ಹೆಸರಿಗೆ "ರೀ" ಸೇರಿಸಿ ಕರೆಯುತ್ತೇವೆ. ಮೊದಲ ದಿನ ಅದನ್ನು ಕೇಳಿ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತವರನ್ನು ನಾನು ಕಂಡಿದ್ದೇನೆ. ನಿಮಗೆ ಹೇಗನಿಸುತ್ತದೆ ಎಂಬ ಪ್ರಶ್ನೆ ಅವರಿಗೆ ಬಲು ಕಷ್ಟ. ಅದರ ಬದಲು ಮುಖಗಳ ಚಿತ್ರವಿರುವ ಕಾರ್ಡುಗಳನ್ನೋ ಮನೆಯ ಫೋಟೋಗಳನ್ನೋ ಮುಂದಿಡುತ್ತೇವೆ. ಹೂಂ ಎಂದ ಕೂಡಲೇ ಅದನ್ನು ಒಪ್ಪಿಗೆಯೆಂದು ತಿಳಿಯಬಾರದು: ಎದುರಿನವರನ್ನು ಮೆಚ್ಚಿಸಲು ಹೂಂ ಎನ್ನುವುದು ಇವರಿಗೆ ಚಿಕ್ಕಂದಿನಿಂದ ಬಂದ ಅಭ್ಯಾಸವಾದ್ದರಿಂದ, ಗುಂಪಿಗೆ ಬರಲು ಇಷ್ಟವೇ ಎಂಬುದನ್ನೂ ಬೇರೆ ಬೇರೆ ದಿನ, ಬೇರೆ ಬೇರೆ ರೀತಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳುತ್ತೇವೆ.

ನಾಲ್ಕನೆಯ ವಾರ, ಕಟ್ಟೆಯ ಮೇಲೆ ದಾರಿ ಕಾಯುತ್ತಿದ್ದ ಅವರು ತಾಯಿಯ ಫೋಟೋ ಹಿಡಿದುಕೊಂಡು "ಅವ್ವ ಊರಿಗೆ ಹೋಗ್ಯಾಳ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬರು ಹೇಳಿದರು: "ಇಲ್ಲರಿ. ಸತ್ತಾರ. ನಮ್ಮವ್ವನೂ ಸತ್ತಾಳ, ಬರೂದಿಲ್ಲ." ಇಬ್ಬರೂ ಬಹಳ ಹೊತ್ತು ಅತ್ತರು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ನಡೆಸುವ ಸಮಾಲೋಚನೆಯಲ್ಲಿ ಆ ಮಾತನ್ನು ನಾನೇ ಆಡಬೇಕಾಗುತ್ತಿತ್ತು, ಆದರೆ ಅವ್ವನನ್ನು ಕಳೆದುಕೊಂಡವರ ಬಾಯಿಂದ ಬಂದದ್ದಕ್ಕೆ ಇದ್ದ ತೂಕ ನನ್ನ ಮಾತಿಗೆ ಬರುತ್ತಿರಲಿಲ್ಲ.

ಮರುವಾರ ಅಣ್ಣ ಅವರನ್ನು ತಾಯಿಯ ಸಮಾಧಿಗೆ ಕರೆದೊಯ್ದರು. ಕಟ್ಟೆಯ ಮೇಲೆ ಕೂರುವುದು ಕಡಿಮೆಯಾಯಿತು, ಪೂರ್ತಿ ನಿಂತಿಲ್ಲ. ಈಗ ಅವರು ಗುಂಪಿನಲ್ಲಿ ಕೇಳುತ್ತಿರುವುದು ಬೇರೆ ಪ್ರಶ್ನೆ: "ಅಣ್ಣ ಸತ್ತರ ನನಗ ರೊಟ್ಟಿ ಯಾರು ಕೊಡ್ತಾರ?" ಉತ್ತರ ನನ್ನಲ್ಲಿಲ್ಲ, ಮನೆಯವರು ಅವರ ಎದುರಿನಲ್ಲಿಯೇ ಮಾತನಾಡಿ ನಿರ್ಧರಿಸಬೇಕಾದದ್ದು ಅದು. ಮುಂದಿನ ಭೇಟಿಗೆ ಅಣ್ಣ, ವೈನಿ, ಅಕ್ಕ ಮೂವರನ್ನೂ ಬರಹೇಳಿದ್ದೇನೆ.