ನಾನು ನೋಡಿದ್ದು ಎರಡು ನಾಣ್ಯ, ಚೀಲವನ್ನಲ್ಲ

ಅಡಿಕೆ ದುಡ್ಡು ಕೈಗೆ ಬರುವ ಹೊತ್ತಿಗೆ ಶಿರಸಿಯ ನನ್ನ ಅಂಗಡಿಗೆ ಒಂದು ಬಗೆಯ ಗಿರಾಕಿಗಳು ಬರತೊಡಗುತ್ತಾರೆ. ಆಭರಣ ಬೇಡ, ಅಡವಿನ ಮಾತೂ ಇಲ್ಲ. ಉಳಿದವರು ಎದ್ದು ಹೋಗುವವರೆಗೆ ಕಾದು, ಕಿಸೆಯಿಂದ ಕಾಗದದ ಪೊಟ್ಟಣ ತೆಗೆಯುತ್ತಾರೆ. ಒಳಗೆ ಒಂದೆರಡು ಪುಟ್ಟ ಹಳೇ ನಾಣ್ಯ. "ಶೇಟ್ರೇ, ಇದು ಬಂಗಾರ ಹೌದೋ ಅಲ್ಲವೋ, ಅಷ್ಟು ಹೇಳಿ ಸಾಕು."

ಹೆಚ್ಚಾಗಿ ಅದು ಬಂಗಾರವೇ. ತಕರಾರು ಶುರುವಾಗುವುದೂ ಅಲ್ಲಿಂದಲೇ.

ಮನೆಗೆ ಪಾಯ ತೋಡುವಾಗ ಅಜ್ಜನಿಗೆ ಕೊಡ ಸಿಕ್ಕಿದೆ, ಅರ್ಧ ರೇಟಿಗೆ ಕೊಡುತ್ತೇವೆ, ಬೇಕಾದರೆ ಎರಡು ಒಯ್ದು ಎಲ್ಲಾದರೂ ತೋರಿಸಿ ಎಂದು ಇವರಿಗೆ ಯಾರದೋ ಫೋನ್ ಬಂದಿರುತ್ತದೆ. ಆ ಎರಡನ್ನು ಅಸಲಿ ಬಂಗಾರದಲ್ಲೇ ಕೊಡುತ್ತಾರೆ. ಮೋಸಕ್ಕೆ ಹೂಡುವ ಬಂಡವಾಳ ಅದು. ನಾನು ಒರೆಗೆ ಹಚ್ಚಿ "ಹೌದು" ಅಂದೆನೋ, ಆಮೇಲೆ ಬರುವ ಚೀಲದ ತುಂಬ ಹಿತ್ತಾಳೆಗೂ ನನ್ನ ಮಾತೇ ಜಾಮೀನು. ಪರೀಕ್ಷೆ ಆಗಿದ್ದು ಮೇಜಿನ ಮೇಲಿದ್ದ ಎರಡು ನಾಣ್ಯಕ್ಕೆ. ಮೂರನೆಯದರ ಬಗ್ಗೆ ನಾನು ಏನೂ ಹೇಳಿಲ್ಲ, ಹೇಳಲು ಬರುವುದೂ ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ತಲೆಯಾಡಿಸುತ್ತಾರೆ, ಹೊರಗೆ ಹೋಗಿ ಫೋನಿನಲ್ಲಿ "ಶೇಟ್ರು ಚೊಲೋ ಮಾಲು ಅಂದ್ರು" ಅನ್ನುತ್ತಾರೆ.

ಸಿದ್ದಾಪುರದ ಕಡೆಯ ಹೆಗಡೆಯೊಬ್ಬರು ಪಟ್ಟು ಹಿಡಿದರು: "ಉಳಿದದ್ದೂ ಅದೇ ಕೊಡದ್ದಲ್ಲವಾ?" ನಾನೆಂದೆ, "ಹೆಗಡೇರೇ, ಚೀಲದ ಬಾಯಲ್ಲಿ ಒಳ್ಳೆಯ ರಾಶಿ ಅಡಿಕೆ ಇಟ್ಟು ಅಡಿಯಲ್ಲಿ ಕಳಪೆ ಕೋಕಾ ಅಡಿಕೆ ತುಂಬಿದರೆ ವ್ಯಾಪಾರಿ ಮೇಲಿನ ಹಿಡಿ ನೋಡಿ ರೇಟು ಹಾಕುತ್ತಾನಾ?" ಅವರಿಗೆ ಸಿಟ್ಟು ಬಂತು. ಅವರ ಅಡಿಕೆಯನ್ನು ಅನುಮಾನಿಸಿದೆ ಎಂದು! ಮುಂದೆ ಮಗಳ ಮದುವೆಗೆ ಬಂಗಾರ ಮಾಡಿಸಲು ಬಂದರು. ಕೊಡದ ಸುದ್ದಿ ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಇನ್ನು ಆ ಎರಡರ ಬಗ್ಗೆಯೂ ನನ್ನ ಮಾತಿಗೆ ಮಿತಿಯಿದೆ. ಒರೆಗಲ್ಲು, ಆಸಿಡ್, ಎಕ್ಸ್‌ಕಿರಣ ಹಾಯಿಸಿ ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರ ಎಲ್ಲವೂ ಹೇಳುವುದು ಮೇಲ್ಮೈಯ ಸುದ್ದಿ. ದಪ್ಪ ಲೇಪನವಿದ್ದರೆ ಯಂತ್ರವೂ ಮೋಸಹೋಗುತ್ತದೆ. ಒಳಗಿನದು ತಿಳಿಯಲು ನೀರಿನಲ್ಲಿ ತೂಗಬೇಕು. ಬ್ರಿಟಿಷರ ಕಾಲದ ಪವನು 22 ಕ್ಯಾರೆಟ್, 7.98 ಗ್ರಾಂ, ನೀರಿನಲ್ಲಿ ಮುಳುಗಿಸಿದರೆ ತೂಕ ಸುಮಾರು 0.45 ಗ್ರಾಂ ಇಳಿಯಬೇಕು. ಅಷ್ಟೇ ತೂಕದ ಹಿತ್ತಾಳೆಯಾದರೆ ಇಳಿತ ಅದರ ಎರಡು ಪಟ್ಟು. ಅಪರಂಜಿಯ ಬಿಸ್ಕತ್ತಿನೊಳಗೆ ಟಂಗ್‌ಸ್ಟನ್ ಇಟ್ಟರೆ ಮಾತ್ರ ಈ ಉಪಾಯವೂ ಸೋಲುತ್ತದೆ: ಬಂಗಾರದ ಸಾಂದ್ರತೆ 19.3, ಟಂಗ್‌ಸ್ಟನ್‌ನದು 19.25. ಆದರೆ ಇವರು ತರುವುದು ವಿಜಯನಗರ ಕಾಲದ್ದೆನ್ನುವ 'ಹಣ' ಎಂಬ ಪುಟ್ಟ ನಾಣ್ಯ. ಅದರ ತೂಕವೇ ಗ್ರಾಮಿನ ಮೂರನೇ ಒಂದು ಭಾಗದ ಆಸುಪಾಸು. ನೀರಿನಲ್ಲಿ ಇಳಿಯುವುದು 0.02 ಗ್ರಾಂ. ಅಂಗಡಿಯ ತಕ್ಕಡಿಯಲ್ಲಿ ಅದನ್ನು ನಂಬಿ ಮಾತಾಡಲಾಗದು.

ಬಂಗಾರ ಅಸಲಿಯಾದರೆ ನಾಣ್ಯ ಹಳೆಯದು ಎಂದೂ ಅಲ್ಲ. ನಿನ್ನೆ ಮೊನ್ನೆ ಒತ್ತಿದ ಬಂಗಾರವೂ ಬಂಗಾರವೇ. ಹಳೆಯವನ್ನು ಕೈಯಿಂದ ಅಚ್ಚು ಹೊಡೆಯುತ್ತಿದ್ದರು, ಚಿತ್ರ ಒಂದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಜಾರಿರುತ್ತದೆ. ಹತ್ತು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಗೀರು ಕಂಡರೆ ಎರಕ ಹೊಯ್ದದ್ದು ಎಂದು ಅನುಮಾನಿಸಿ. ಕಾಲ ನಿರ್ಣಯ ನನ್ನ ಕಸುಬಲ್ಲ, ನಾಣ್ಯಶಾಸ್ತ್ರ ಬಲ್ಲವರದ್ದು. ವಾಟ್ಸಾಪ್ ಫೋಟೋ ನೋಡಿ ಹೇಳುವುದಂತೂ ಯಾರಿಂದಲೂ ಆಗದು.

ಚೀಲ ಪೂರ್ತಿ ತನ್ನಿ, ಮಾರುವವನೂ ಬರಲಿ, ಒಂದೊಂದಾಗಿ ನೋಡೋಣ ಎಂದು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಮಾರುವವನು ಈವರೆಗೆ ಬಂದಿಲ್ಲ. ನೆಲದಲ್ಲಿ ನಿಜವಾಗಿ ನಿಧಿ ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನಿದೆ. ಹಾಗಾಗಿ ಕದ್ದುಮುಚ್ಚಿ ಕೊಳ್ಳಹೋದವರು ಹಣ ಕಳಕೊಂಡ ಮೇಲೆ ಠಾಣೆ ಮೆಟ್ಟಿಲು ಹತ್ತಲು ಹಿಂಜರಿಯುತ್ತಾರೆ. ಆ ಹಿಂಜರಿಕೆಯನ್ನೇ ಮೋಸಗಾರರು ನೆಚ್ಚಿಕೊಂಡಿರುವುದು. ಹಾಗೇನಾದರೂ ಆಗಿದ್ದರೆ, ಉಳಿದ ಆ ಎರಡು ಅಸಲಿ ನಾಣ್ಯವನ್ನು ಕರಗಿಸಿಕೊಡಿ ಎಂದು ನನ್ನ ಹತ್ತಿರ ತರಬೇಡಿ. ಫೋನ್ ನಂಬರಿನ ಜೊತೆ ಅವನ್ನೂ ಪೊಲೀಸರಿಗೆ ಕೊಡಿ.